ಫುನಾಬೊರಿಯ ಖಾಲಿ ಕಿಲೋಗಳು

ಭೀಮಸೇನ ಎಂಬ ಹೆಸರು ಕೇಳಿ ಒಂದು ಆಕಾರವನ್ನು ಕಲ್ಪಿಸಿಕೊಂಡು ಬಂದವರಿಗೆ ಅವನನ್ನು ಕಂಡಾಗ ಸ್ವಲ್ಪ ನಿರಾಸೆಯಾಗುತ್ತಿತ್ತು. ಗಾಳಿ ಜೋರಾಗಿ ಬೀಸಿದ ದಿನ ಹೆಂಡತಿ ಕೋಕಿಲಾ, "ಜೇಬಲ್ಲಿ ಏನಾದ್ರೂ ಭಾರ ಇಟ್ಕೊಂಡು ಹೋಗಿ ರೀ" ಎಂದು ಕಳಿಸಬೇಕಾದಷ್ಟು ಸಣಕಲು ಮನುಷ್ಯ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಅವನನ್ನು ಜಪಾನಿಗೆ ಕಳಿಸಿ ವರ್ಷಗಳಾಗಿದ್ದವು. ಯೊಕೊಹಾಮಾ, ಒಸಾಕಾ, ಹಿಮ ಸುರಿಯುವ ನೋಮಿ, ಮತ್ತೆ ಯೊಕೊಹಾಮಾ ಎಂದು ಪ್ರಾಜೆಕ್ಟು ಇದ್ದಲ್ಲಿಗೆಲ್ಲ ಅಲೆಸಿ, ಕೊನೆಗೆ ಟೋಕಿಯೊದ ಫುನಾಬೊರಿಗೆ ತಂದು ಇಳಿಸಿತ್ತು.

ಫುನಾಬೊರಿ ಕೋಕಿಲಾಗೆ ಹಿಡಿಸಿಬಿಟ್ಟಿತು. ಏಳನೇ ಮಹಡಿಯ ಮನೆ, ಬಟ್ಟೆ ಒಣಗಲು ದಕ್ಷಿಣದ ಬಿಸಿಲು, ಮಗಳು ಜಾಹ್ನವಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ. ಎಲ್ಲಕ್ಕಿಂತ ಮಿಗಿಲಾಗಿ, ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಕನ್ನಡದಲ್ಲೇ ಇಬ್ಬರ ಜೊತೆ ಜಗಳವಾಡಿ ಒಬ್ಬರ ಜೊತೆ ರಾಜಿಯಾಗುವ ಅನುಕೂಲ. ನೋಮಿಯಲ್ಲಿ ಎರಡು ಚಳಿಗಾಲ ಗೋಡೆಯ ಜೊತೆ ಮಾತಾಡಿದವಳಿಗೆ ಇದು ಸಣ್ಣ ಅನುಕೂಲವಲ್ಲ.

ಹಾಗಿರುವಾಗ, ದೊಡ್ಡ ಭೂಕಂಪವಾಗಿ ಏಳು ವರ್ಷ ಕಳೆದಿದ್ದ ಒಂದು ಶರತ್ಕಾಲದ ಸಂಜೆ, ಬೆಂಗಳೂರಿನಿಂದ ಮ್ಯಾನೇಜರ್ ಚಂದ್ರಮೋಹನ್ ಫೋನ್ ಮಾಡಿದ.

"ನೋಡು ಭೀಮು, ಈಗಿರೋ ಕ್ಲೈಂಟು ಸ್ಟಾರ್ಟಪ್. ಅವ್ರ ಟ್ರಯಲ್ ಮಾರ್ಚ್ ಒಳಗೆ ಕ್ಲಿಕ್ ಆದ್ರೆ ನೀನು ಅಲ್ಲೇ ಇರ್ತೀಯ. ಇಲ್ಲಾಂದ್ರೆ ಏಪ್ರಿಲ್‌ಗೆ ನಗೋಯಾ. ಕಾರಿನ ಕಂಪನಿ. ಸ್ಟೇಬಲ್ ಪ್ರಾಜೆಕ್ಟು."

ಫೋನು ಸ್ಪೀಕರಿನಲ್ಲಿತ್ತು. ಉತ್ತರ ಅಡುಗೆಮನೆಯಿಂದ ಹೋಯಿತು. "ಚಂದ್ರಮೋಹನ್ ಅವ್ರೆ, ನಿಮ್ಮ ಬಾಯಲ್ಲಿ ಸ್ಟೇಬಲ್ ಅಂತ ಕೇಳಿದ್ ತಕ್ಷಣ ನನ್ನ ಕೈ ತಾನಾಗೇ ಪೆಟ್ಟಿಗೆ ಕಟ್ಟೋಕೆ ಶುರು ಮಾಡತ್ತೆ."

"ನಮಸ್ಕಾರ ಮೇಡಂ, ಚೆನ್ನಾಗಿದೀರಾ," ಎಂದು ಚಂದ್ರಮೋಹನ್ ಫೋನ್ ಇಟ್ಟ.

ಆ ಸ್ಟಾರ್ಟಪ್ಪಿನ ಯಜಮಾನರ ಹೆಸರು ಕುರೊಕಾವಾ-ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಮೊದಲು ಒಂದು ದೊಡ್ಡ ಬ್ಯಾಂಕಿನಲ್ಲಿದ್ದವರು. ಭೂಕಂಪವಾದ ದಿನ ರೈಲುಗಳೆಲ್ಲ ನಿಂತಾಗ, ಕತ್ತಲಾದ ಟೋಕಿಯೊದಿಂದ ಚಿಬಾದ ತಮ್ಮ ಮನೆಗೆ ನಡೆದೇ ಹೋದರಂತೆ. ದಾರಿಯಲ್ಲಿ, ಮನುಷ್ಯನಿಗೆ ಇಷ್ಟೆಲ್ಲ ಬೆಳಕು ಯಾಕೆ ಬೇಕು ಎಂದು ಜ್ಞಾನೋದಯವಾಯಿತಂತೆ. ಪ್ರತಿ ಭಾಷಣದಲ್ಲೂ ಈ ನಡಿಗೆಯ ಪ್ರಸ್ತಾಪ ಬರುತ್ತಿತ್ತು, ಬಂದಾಗಲೆಲ್ಲ ದಾರಿ ಒಂದಿಷ್ಟು ಉದ್ದವಾಗುತ್ತಿತ್ತು. ಹೀಗೇ ಮುಂದುವರಿದರೆ ಅವರು ಸದ್ಯದಲ್ಲೇ ಕೊರಿಯಾ ತಲುಪುತ್ತಾರೆ ಎಂದು ಭೀಮಸೇನ ಮನೆಯಲ್ಲಿ ಹೇಳುತ್ತಿದ್ದ. ಆದರೆ ಮನುಷ್ಯ ಒಳ್ಳೆಯವರು. ಪೆನ್ಸಿಲ್ ಹಿಡಿಯಲಾಗದಷ್ಟು ಚಿಕ್ಕದಾದರೂ ಎಸೆಯುತ್ತಿರಲಿಲ್ಲ.

ಅವರ ಆ್ಯಪಿನ ಹೆಸರು 'ಹಪ್ಪಾ'. ಜಪಾನೀ ಭಾಷೆಯಲ್ಲಿ ಎಲೆ. ಕೋಕಿಲಾ ಮೊದಲ ದಿನದಿಂದಲೇ ಅದನ್ನು ಹಪ್ಪಳ ಎಂದಳು. ಅದು ಕೆಲಸ ಮಾಡುವ ರೀತಿ ಸರಳ. ಕಂಪನಿ ಒಂದು ಕಾರ್ಡು ಕೊಡುತ್ತದೆ. ನೀವು ಆ ಕಾರ್ಡಿನಿಂದ ಏನು ಕೊಂಡರೂ, ಅದನ್ನು ತಯಾರಿಸಿ ಸಾಗಿಸಲು ಎಷ್ಟು ಹೊಗೆಯಾಯಿತು ಎಂದು ಆ್ಯಪು ಅಂದಾಜು ಮಾಡುತ್ತದೆ. ಫೋನಿನಲ್ಲಿ ನಿಮ್ಮ ಹೆಸರಿನದೊಂದು ಮರವಿರುತ್ತದೆ. ಹೊಗೆ ಹೆಚ್ಚಾದರೆ ಎಲೆ ಉದುರುತ್ತದೆ, ಕಡಿಮೆಯಾದರೆ ಚಿಗುರುತ್ತದೆ. ಎಲೆ ಹೆಚ್ಚಿದ್ದವರಿಗೆ ಬ್ಯಾಂಕು ಹೆಚ್ಚು ಬಡ್ಡಿ ಕೊಡಬೇಕು ಎಂಬುದು ಕುರೊಕಾವಾ-ಸಾನ್ ಕನಸು. ಅದಕ್ಕೊಂದು ಬ್ಯಾಂಕು ಬೇಕಲ್ಲ? ಆ ಭಾಗದ ಒಂದು ಸಣ್ಣ ಸಹಕಾರಿ ಬ್ಯಾಂಕು, ನೋಡೋಣ ಎಂದಿತ್ತು. ಪ್ರಯೋಗಕ್ಕೆಂದು ಫುನಾಬೊರಿಯ ಕೆಲವು ಮನೆಗಳಿಗೆ ಕಾರ್ಡು ಹಂಚಿದರು. ಭೀಮಸೇನನ ಮನೆಗೂ ಒಂದು ಬಂತು.

ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಮರಗಳೂ ಬೋಳಾದವು. ಕೋಕಿಲಾಳ ಮರ ಮಾತ್ರ ಆಲದ ಮರದಂತೆ ಹಬ್ಬಿ, ಪರದೆಯ ಅಂಚು ದಾಟಿ, ಮೇಲಿದ್ದ ಗಡಿಯಾರವನ್ನೂ ಮುಚ್ಚಿತು. ಆಫೀಸಿನವರು ಮೊದಲು ಪ್ರೋಗ್ರಾಮಿನಲ್ಲಿ ದೋಷವಿದೆಯೆಂದು ಹುಡುಕಿದರು. ಸಿಗಲಿಲ್ಲ. ಹಾಗಾದರೆ ಇದು ಫುನಾಬೊರಿ ಸೇರಿದ ಎಡೊಗಾವಾ ವಾರ್ಡಿನಲ್ಲೇ ಅತ್ಯಂತ ಹಸಿರು ಸಂಸಾರ ಎಂದು ತೀರ್ಮಾನವಾಯಿತು.

ನಿಜ ಸಂಗತಿ ಭೀಮಸೇನನಿಗೆ ಗೊತ್ತಿತ್ತು. ಕೋಕಿಲಾ ಕಾರ್ಡನ್ನು ತೆಗೆಯುತ್ತಲೇ ಇರಲಿಲ್ಲ. ಬೇಳೆ ಅಕ್ಕಿ ಕೊಳ್ಳುವ ಇಂಡಿಯನ್ ಅಂಗಡಿಯಲ್ಲಿ ಬರೀ ನಗದು, ಮೂಲೆಯ ತರಕಾರಿ ಅಜ್ಜನಲ್ಲೂ ನಗದು. ಕಾರ್ಡು ಹೊರಬರುತ್ತಿದ್ದುದು ಜಾಹ್ನವಿಗೆ ಕೊಂಬಿನಿ ಎಂಬ ಹಗಲಿರುಳು ತೆರೆದಿರುವ ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಮಾತ್ರ. ಮಿಕ್ಕದ್ದೆಲ್ಲ ಆಕಾಶಮಾರ್ಗದಲ್ಲಿ ಬರುತ್ತಿತ್ತು.

ಅಂದರೆ, ಲಗೇಜ್ ಗ್ರೂಪು. ಫುನಾಬೊರಿ, ನಿಶಿ-ಕಸಾಯ್ ಸುತ್ತಿನ ಕನ್ನಡಿಗರಲ್ಲಿ ಯಾರು ಊರಿಗೆ ಹೋದರೂ, "ಬರುವಾಗ ಇಷ್ಟು ಕಿಲೋ ಖಾಲಿ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಕು. ಹಾಕಿದ ಅರ್ಧ ಗಂಟೆಯಲ್ಲಿ ಆ ಖಾಲಿ ಭರ್ತಿ. ಹುಳಿಪುಡಿ, ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ, ಕುಕ್ಕರಿನ ಗ್ಯಾಸ್ಕೆಟ್ಟು, ಒಮ್ಮೆ ಒಂದು ಇಡೀ ಮಿಕ್ಸಿ. ಹೊತ್ತು ತಂದವರಿಗೆ ಕೂಲಿಯಿಲ್ಲ. ಅವರಿಗೇ ತಿರುಗಿ ಹೊರಬೇಕೆಂದೂ ಇಲ್ಲ, ನೀವು ಹೋದಾಗ ಯಾರು ಕೇಳುತ್ತಾರೋ ಅವರದ್ದು ಹೊತ್ತರಾಯಿತು. ಒಲ್ಲೆ ಎಂದವರನ್ನು ಯಾರೂ ಬೈಯುವುದಿಲ್ಲ, ಗೌರಿ ಹಬ್ಬಕ್ಕೆ ಕರೆಯಲು ಬಂದವರು ಅವರ ಮನೆಯ ಬೆಲ್ಲನ್ನು ಕೊನೆಗೆ ಒತ್ತುತ್ತಾರೆ, ಅಷ್ಟೆ. ಯಾರ ಪೊಟ್ಟಣ ಯಾರ ಪೆಟ್ಟಿಗೆಗೆ ಎಂದು ಹಂಚುವವಳು ಕೋಕಿಲಾ. ಹಂಚಿ, ಬೈಸಿಕೊಂಡು, ತಿರುಗಿ ಬೈಯುವವಳೂ ಅವಳೇ.

ಭೀಮಸೇನ ಪ್ರಾಮಾಣಿಕ. ಆಫೀಸಿನ ಮೀಟಿಂಗಿನಲ್ಲಿ ಎದ್ದು, ನಮ್ಮ ಮನೆಯ ಲೆಕ್ಕ ತಪ್ಪು, ನನ್ನ ಹೆಂಡತಿ ಕಾರ್ಡೇ ಬಳಸುವುದಿಲ್ಲ ಎಂದು ಹೇಳಿಯೂಬಿಟ್ಟ. ಕೋಣೆ ಸ್ತಬ್ಧವಾಯಿತು. ಒಬ್ಬರು ಪೆನ್ನಿನ ಮುಚ್ಚಳ ಹಾಕಿದರು. ಇನ್ನೊಬ್ಬರು, "ತುಂಬಾ ಕಲಿತ ಹಾಗಾಯಿತು" ಎಂದು ತಲೆಬಾಗಿ ಮುಂದಿನ ಸ್ಲೈಡಿಗೆ ಹೋದರು. ಅಲ್ಲಿನ ಪದ್ಧತಿಯೇ ಹಾಗೆ. ತೀರ್ಮಾನವಾಗುವುದು ಮೀಟಿಂಗಿನಲ್ಲಲ್ಲ, ಅದಕ್ಕೂ ಮೊದಲೇ ಒಬ್ಬರು ಪ್ರತಿಯೊಬ್ಬರ ಮೇಜಿನ ಬಳಿ ಹೋಗಿ, ಮೆಲ್ಲಗೆ ಕೇಳಿ, ತಲೆಯಾಡಿಸಿಕೊಂಡು ಬಂದಿರುತ್ತಾರೆ. ಮೀಟಿಂಗು ಎಂದರೆ ತಾಳಿ ಕಟ್ಟಿ ಮುಗಿದ ಮೇಲೆ ತೆಗೆಸಿಕೊಳ್ಳುವ ಫೋಟೋ. ಆ ಹೊತ್ತಿಗೆ ಒಬ್ಬ ಎದ್ದು ಈ ಮದುವೆ ಬೇಡ ಎಂದರೆ ಏನು ಮಾಡುತ್ತಾರೆ? ಸ್ವಲ್ಪ ಈ ಕಡೆ ಸರಿದು ನಿಲ್ಲಿ ಎನ್ನುತ್ತಾರೆ.

"ಹೇಳಿದೆ ಕಣೆ, ಯಾರೂ ಕೇಳಿಸ್ಕೊಳ್ಳಲಿಲ್ಲ," ಎಂದ ಮನೆಗೆ ಬಂದು.

"ನಿಮ್ಮ ಮಾತು ಮನೇಲೂ ಯಾರೂ ಕೇಳಿಸ್ಕೊಳ್ಳಲ್ಲ. ಈಗೇನಂತೆ?"

"ಬರೋ ಶನಿವಾರ ಬ್ಯಾಂಕಿನ ಇಗರಾಶಿ-ಸಾನ್ ಅಂತ ಒಬ್ರು ಡೈರೆಕ್ಟರು ನಮ್ಮನೆ ನೋಡೋಕೆ ಬರ್ತಾರೆ. ಅವ್ರು ಹ್ಞೂಂ ಅಂದ್ರೆ ಟ್ರಯಲ್ ಪಾಸು."

"ಪಾಸಾದ್ರೆ ನಗೋಯಾ ಇಲ್ಲ?"

"ಇಲ್ಲ."

"ಹಾಗಾದ್ರೆ ಬರ್ಲಿ ಬಿಡಿ. ನಮ್ಮನೇಲಿ ಹಸಿರಿಗೇನು ಕಮ್ಮಿ, ಕಿಟಕಿ ಪರದೆ ಹಸಿರೇ ಇದೆ."

ಶನಿವಾರ ಯಾರೂ ಮನೆಗೆ ಬರಬೇಡಿ ಎಂದು ಅವಳು ಗ್ರೂಪಿನಲ್ಲಿ ಹಾಕಿದಳು. ಅದಾದ ಐದು ನಿಮಿಷಕ್ಕೆ ಯಾರೋ ತಮ್ಮ ಮಗುವಿನ ಹುಟ್ಟುಹಬ್ಬದ ಫೋಟೋ ಹಾಕಿದರು. ಹೂಗುಚ್ಛ, ಕೇಕು, ಮುಗಿದ ಕೈಗಳ ಪ್ರವಾಹದಲ್ಲಿ ಕೋಕಿಲಾಳ ಸಂದೇಶ ಕೊಚ್ಚಿಕೊಂಡು ಹೋಯಿತು.

ಶನಿವಾರ ಮಧ್ಯಾಹ್ನ ಇಗರಾಶಿ-ಸಾನ್ ಬಂದರು. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬೂಟು ಬಿಚ್ಚಿ, ಅದರ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು ಒಳಗೆ ಬಂದರು. ಹಿಂದೆ ಕುರೊಕಾವಾ-ಸಾನ್, ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯ ಅಪ್ಪನ ಹಾಗೆ ಬೆವರುತ್ತಿದ್ದರು. ಕೋಕಿಲಾ ಕಾಫಿ ಕೊಟ್ಟಳು. ಇಗರಾಶಿ-ಸಾನ್ ಒಂದು ಗುಟುಕು ಕುಡಿದು, ಲೋಟವನ್ನೊಮ್ಮೆ ನೋಡಿ, ಇನ್ನೊಂದು ಗುಟುಕು ಕುಡಿದರು. ಎಲ್ಲವೂ ಚೆನ್ನಾಗಿಯೇ ಸಾಗುತ್ತಿತ್ತು.

ಆಗ ಬಾಗಿಲ ಬೆಲ್ ಆಯಿತು. ಕೊರಿಯರಿನವನು ಎರಡು ದೊಡ್ಡ ಸೂಟ್‌ಕೇಸುಗಳನ್ನು ಹೊಸಿಲೊಳಗೆ ಇಟ್ಟು, ಬೆವರು ಒರೆಸಿಕೊಂಡು, ಬಾಗಿ ಹೋದ. ಐದನೇ ಮಹಡಿಯ ಅಶೋಕ ಭಾನುವಾರ ಬರಬೇಕಾದವನು ಶುಕ್ರವಾರವೇ ಬಂದಿಳಿದು, ನರಿತಾ ವಿಮಾನ ನಿಲ್ದಾಣದಿಂದಲೇ ಪೆಟ್ಟಿಗೆಗಳನ್ನು ಕೋಕಿಲಕ್ಕನ ಮನೆಗೆ ರವಾನಿಸಿದ್ದ. ಶನಿವಾರ ಎಲ್ಲರೂ ಮನೆಯಲ್ಲಿರುತ್ತಾರಲ್ಲ ಎಂಬ ಕಾಳಜಿ ಅವನದು.

"ಪ್ರವಾಸ ಮುಗಿಸಿ ಬಂದಿರಾ?" ಎಂದರು ಇಗರಾಶಿ-ಸಾನ್.

"ನಾನಲ್ಲ. ಪೆಟ್ಟಿಗೆ," ಎಂದಳು ಕೋಕಿಲಾ, ತನಗೆ ಬರುವಷ್ಟು ಜಪಾನೀ ಭಾಷೆಯಲ್ಲಿ.

ಅಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ಪಕ್ಕದ ಬ್ಲಾಕಿನ ಮಾಲತಿ, ಅವಳ ಹಿಂದೆ ಎಂಟನೇ ಮಹಡಿಯ ಸಂಜನಾ. ಇಬ್ಬರ ಕೈಯಲ್ಲೂ ಖಾಲಿ ಚೀಲ.

"ಕೋಕಿಲಾ, ನನ್ನ ಮೆಣಸಿನಕಾಯಿ ಬಂತಾ? ಪೆಟ್ಟಿಗೆ ಡೆಲಿವರ್ ಆಯ್ತು ಅಂತ ಅಶೋಕ ಮೆಸೇಜ್ ಹಾಕಿದಾನೆ," ಎನ್ನುತ್ತಲೇ ಬಂದ ಮಾಲತಿ, ಕಾಲುಚೀಲದಲ್ಲಿ ಕೂತಿದ್ದ ಇಬ್ಬರು ಗಂಡಸರನ್ನು ಕಂಡು ದನಿ ಇಳಿಸಿದಳು. "ಯಾರಿವ್ರು, ಇನ್ಶೂರೆನ್ಸಾ?"

"ಬ್ಯಾಂಕು," ಎಂದ ಭೀಮಸೇನ, ಗೋಡೆಗೆ ಒರಗಿಕೊಂಡು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದ ಮಾಲತಿ, ಹೊರಗೆ ಹೋಗುವ ಬದಲು ನೆಲದ ಮೇಲೆ ಕೂತು ಸೂಟ್‌ಕೇಸಿನ ಜಿಪ್ಪು ಎಳೆದಳು. ಇಂಗಿನ ವಾಸನೆ ಮನೆಯನ್ನೆಲ್ಲ ತುಂಬಿತು. ಇಗರಾಶಿ-ಸಾನ್ ಮೂಗು ಎತ್ತಿದರು. ನಂತರ ತಾವೂ ಬಂದು ನೆಲದ ಮೇಲೆ ಮಂಡಿಯೂರಿ ಕೂತರು. ಒಂದೊಂದೇ ಪೊಟ್ಟಣ ಹೊರಬಂದಾಗಲೂ ಇದೇನು, ಇದು ಯಾರದು ಎಂದು ಕೇಳುತ್ತಾ ಹೋದರು. ಇದು ನನ್ನತ್ತೆ ಕುಟ್ಟಿಸಿದ್ದು, ಇದು ಸಂಜನಾಳ ಅಮ್ಮ ಕಳಿಸಿದ್ದು, ಇದು ಯಾರದೋ ಗೊತ್ತಿಲ್ಲ ಆದರೆ ವಾಸನೆ ಚೆನ್ನಾಗಿದೆ ಎಂದು ಮಾಲತಿ ಉತ್ಸಾಹದಿಂದ ವಿವರಿಸಿದಳು. ಕುರೊಕಾವಾ-ಸಾನ್ ಮುಖ ನೋಡಿದರೆ ಆ ಆಲದ ಮರದ ಎಲೆಗಳೆಲ್ಲ ಅವರ ಹೊಟ್ಟೆಯೊಳಗೇ ಉದುರುತ್ತಿದ್ದಂತಿತ್ತು.

"ಇದೆಲ್ಲ ವಿಮಾನದಲ್ಲಿ ಬಂದದ್ದೇ?" ಎಂದರು ಇಗರಾಶಿ-ಸಾನ್.

ಭೀಮಸೇನ ಕಣ್ಣು ಮುಚ್ಚಿಕೊಂಡ. ವಿಮಾನದಲ್ಲಿ ಬಂದ ಬೇಳೆಗಿಂತ ಹೆಚ್ಚು ಹೊಗೆಯ ಬೇಳೆ ಭೂಮಿಯ ಮೇಲಿಲ್ಲ ಎಂದು ಆ್ಯಪಿಗೆ ಕಲಿಸಿದವನು ಅವನೇ.

"ಹೌದು. ವಿಮಾನ ಹೇಗೂ ಬರ್ತಿತ್ತು," ಎಂದಳು ಕೋಕಿಲಾ. "ಅಶೋಕನೂ ಬರ್ತಿದ್ದ. ಅವನಿಗೆ ಇರೋದು ಎರಡು ಪ್ಯಾಂಟು. ಮಿಕ್ಕಿದ್ದು ಖಾಲಿ. ಖಾಲಿ ಪೆಟ್ಟಿಗೆ ತರೋದು ಮೊತ್ತಾಯ್‌ನಾಯ್ ಅಲ್ವಾ?"

ಮೊತ್ತಾಯ್‌ನಾಯ್ ಎಂದರೆ ಉಪಯೋಗಕ್ಕೆ ಬರುವುದನ್ನು ಹಾಳುಮಾಡಿದ ಸಂಕಟ. ಕುರೊಕಾವಾ-ಸಾನ್ ತಮ್ಮ ಭಾಷಣಗಳಲ್ಲಿ ಹಿಂದೆ ಮುಂದೆ ನಾಲ್ಕು ಚಾರ್ಟು ನಿಲ್ಲಿಸಿ ಹೇಳುತ್ತಿದ್ದ ಮಾತು. ಅವರು ತಲೆ ಎತ್ತಿದರು.

ಇಗರಾಶಿ-ಸಾನ್ ಹೊಗೆಯ ವಿಷಯ ಬಿಟ್ಟೇಬಿಟ್ಟರು. "ಹೊತ್ತು ತರಲು ಒಪ್ಪದವರನ್ನು ಏನು ಮಾಡುತ್ತೀರಿ?"

ಮೂವರು ಹೆಂಗಸರೂ ಮುಖ ಮುಖ ನೋಡಿಕೊಂಡರು.

"ಏನೂ ಮಾಡಲ್ಲ," ಎಂದಳು ಮಾಲತಿ. "ಮಾತಾಡಿಸ್ತೀವಿ. ತುಂಬಾ ಮರ್ಯಾದೆಯಿಂದ ಮಾತಾಡಿಸ್ತೀವಿ."

ಇಗರಾಶಿ-ಸಾನ್ ಅಂದು ಮೊದಲ ಬಾರಿಗೆ ನಕ್ಕರು. ತಮ್ಮ ಬ್ಯಾಂಕು ಹುಟ್ಟಿದ್ದೂ ಹೀಗೆಯೇ ಎಂದರು. ಕಡಲಂಚಿನಲ್ಲಿ ತಿನ್ನುವ ಪಾಚಿ ಒಣಗಿಸಿ ಮಾರುತ್ತಿದ್ದ ನಾಲ್ಕು ಮನೆಯವರು ಸೇರಿ ಕಟ್ಟಿದ ಚೀಟಿಯಂತೆ ಅದು. ಹೋಗುವಾಗ ಅವರಿಗೊಂದು ಪೊಟ್ಟಣ ಹುಳಿಪುಡಿ ಸಿಕ್ಕಿತು. ಕೊಟ್ಟವಳು ಕೋಕಿಲಾ, ಪೊಟ್ಟಣ ಸಂಜನಾಳದು.

ಮರುವಾರವೇ ಕುರೊಕಾವಾ-ಸಾನ್ ಹೊಸ ಕಣ್ಣುಗಳೊಂದಿಗೆ ಬಂದರು. ಕಾರ್ಡು, ಬಡ್ಡಿ, ಎಲ್ಲ ಹಿಂದಕ್ಕೆ ಸರಿದಿತ್ತು. ಈಗ 'ಹಪ್ಪಾ' ಎಂದರೆ ಖಾಲಿ ಕಿಲೋ. ಜಗತ್ತಿನಲ್ಲಿ ಎಷ್ಟು ಸೂಟ್‌ಕೇಸುಗಳು ಅರ್ಧ ಖಾಲಿ ಹಾರುತ್ತಿವೆ? ಒಂದೊಂದು ಖಾಲಿ ಕಿಲೋ ತುಂಬಿದಾಗಲೂ ಹೊತ್ತವರ ಮರಕ್ಕೆ ಎಲೆ, ಎಲೆಗೆ ಪಾಯಿಂಟು, ಪಾಯಿಂಟು ಕೊಟ್ಟರೆ ಕೊಂಬಿನಿಯಲ್ಲಿ ಸಾಮಾನು. ಇಗರಾಶಿ-ಸಾನ್ ಬ್ಯಾಂಕು ಇದಕ್ಕೆ ಕೈಜೋಡಿಸಲು ಸಿದ್ಧವಿದೆ. ಚಳಿಗಾಲವೆಲ್ಲ ನಡೆಸಿ ನೋಡುವುದು, ಮಾರ್ಚಿನಲ್ಲಿ ಒಪ್ಪಂದ. ಲಗೇಜ್ ಗ್ರೂಪು ಆ್ಯಪಿನೊಳಕ್ಕೆ ಬರಬೇಕು, ಒಪ್ಪಂದದ ದಿನ ಗ್ರೂಪಿನ ಪರವಾಗಿ ಕೋಕಿಲಾ-ಸಾನ್ ಸಹಿ ಹಾಕಬೇಕು.

"ನಗೋಯಾ ತಪ್ಪತ್ತೆ ಅಂದ್ರೆ ಹಪ್ಪಳಕ್ಕೂ ಸಹಿ ಹಾಕ್ತೀನಿ, ಸಂಡಿಗೆಗೂ ಹಾಕ್ತೀನಿ," ಎಂದಳು ಕೋಕಿಲಾ. ಭೀಮಸೇನ ಅದನ್ನು, ಯೋಚಿಸಿ ಸಂತೋಷದಿಂದ ಒಪ್ಪಿದ್ದಾರೆ ಎಂದು ಅನುವಾದಿಸಿದ.

ಆ್ಯಪು ಬಹಳ ಚೆನ್ನಾಗಿ ಕೆಲಸ ಮಾಡಿತು. ಪೊಟ್ಟಣದ ಫೋಟೋ ತೆಗೆದು ಹಾಕಿದರೆ ತೂಕ, ಊರು, ದಿನ ಎಲ್ಲ ಅದೇ ಹೊಂದಿಸಿಕೊಡುತ್ತಿತ್ತು. ಕೋಕಿಲಾಳ ಫೋನು ಮೊದಲ ಬಾರಿಗೆ ಮಧ್ಯಾಹ್ನ ಸುಮ್ಮನಿತ್ತು. ಅವಳು ಒಂದು ವಾರ ನಿದ್ದೆ ಮಾಡಿದಳು. ಎರಡನೇ ವಾರ ಫೋನು ಕೆಟ್ಟಿದೆಯೇನೋ ಎಂದು ಗಂಡನಿಗೆ ತೋರಿಸಿದಳು.

ಪೊಟ್ಟಣ ತಲುಪಿದ ಮೇಲೆ ಹೊತ್ತವರಿಗೆ ನಕ್ಷತ್ರ ಕೊಡುವ ಏರ್ಪಾಡೂ ಇತ್ತು. ಸಂಜನಾ ಊರಿನಿಂದ ತಂದ ಚಟ್ನಿಪುಡಿ ಡಬ್ಬಿಯಿಂದ ಚೆಲ್ಲಿತ್ತೆಂದು ಮಾಲತಿ ಎರಡೇ ನಕ್ಷತ್ರ ಕೊಟ್ಟಳು. ಮೊದಲಾಗಿದ್ದರೆ ಲಿಫ್ಟಿನಲ್ಲಿ ಎರಡು ಮಾತು ಅಂದು, ಮಾರನೇ ದಿನ ಕೋಸಂಬರಿ ಕಳಿಸಿ ಮುಗಿಯುತ್ತಿತ್ತು. ಈಗ ಆ ಎರಡು ನಕ್ಷತ್ರ ಎಲ್ಲರ ಫೋನಿನಲ್ಲೂ ಹಗಲಿರುಳು ಹೊಳೆಯುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು "ಹೇಗಿದೀರಾ, ಆರೋಗ್ಯವೇ" ಎನ್ನಲು ಶುರುಮಾಡಿದರು. ಕೋಕಿಲಾಗೆ ಕೇಳಿ ಮೈ ಜುಮ್ಮೆಂದಿತು.

ಅಶೋಕ ಮಾತ್ರ ಮರ ಬೆಳೆಸುವುದರಲ್ಲಿ ಮುಳುಗಿಹೋದ. ವರ್ಷಕ್ಕೊಮ್ಮೆ ಊರಿಗೆ ಹೋಗುವವನು ಡಿಸೆಂಬರಿನಲ್ಲಿ ಮತ್ತೆ ಹೋಗಿ ಬಂದ. ತನ್ನ ಬಟ್ಟೆಗೆ ಕಿಲೋ ಖರ್ಚಾಗಬಾರದೆಂದು ಮೂರು ಅಂಗಿ, ಎರಡು ಸ್ವೆಟರು ಮೈಮೇಲೇ ಹಾಕಿಕೊಂಡು ಬಂದಿಳಿದ.

"ಏನೋ ಇದು, ಮತ್ತೆ ಹೋಗಿದ್ದೆ? ಮನೇಲಿ ಎಲ್ಲಾ ಸರೀಗಿದಾರಾ?" ಎಂದಳು ಕೋಕಿಲಾ ಗಾಬರಿಯಾಗಿ.

"ಎಲ್ಲಾ ಸೂಪರ್ ಅಕ್ಕ. ಟಿಕೆಟ್ಟು ಚೀಪಾಗಿ ಸಿಕ್ತು. ಇನ್ನೊಂದು ಟ್ರಿಪ್ ಮಾಡಿದ್ರೆ ಎಡೊಗಾವಾದಲ್ಲಿ ನಂದೇ ನಂಬರ್ ಒನ್ ಮರ."

"ಬರೀ ಪಾಯಿಂಟಿಗೆ ಹಾರ್ಕೊಂಡು ಹೋಗಿದ್ಯಾ?"

"ಗ್ರೀನ್ ಪಾಯಿಂಟ್ಸ್ ಅಕ್ಕ. ಪರಿಸರಕ್ಕೆ ಒಳ್ಳೇದು."

ಕೋಕಿಲಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ವಿಮಾನ ಹೇಗೂ ಬರುತ್ತದೆ ಎಂದು ಬ್ಯಾಂಕಿನ ಡೈರೆಕ್ಟರಿಗೆ ಹೇಳಿದವಳು ತಾನೇ ಎಂಬುದು ಆಗ ಅವಳಿಗೆ ಚೆನ್ನಾಗಿ ನೆನಪಿತ್ತು.

ಜನವರಿಯಲ್ಲಿ ಎರಡನೇ ಮಹಡಿಗೆ ಶೈಲಜಾ ಎಂಬ ಹುಡುಗಿ ಬಂದಳು. ಹೊಸದಾಗಿ ಜಪಾನಿಗೆ ಬಂದವಳು, ಕೈಯಲ್ಲಿ ಎಂಟು ತಿಂಗಳ ಕೂಸು. ಆ ಕೂಸು ಇಲ್ಲಿಯ ಡಬ್ಬದ ಆಹಾರವನ್ನು ಬಾಯಿಗಿಟ್ಟ ಕೂಡಲೇ ಉಗಿಯುತ್ತಿತ್ತು. ಅವಳ ತಾಯಿ ಮಂಡ್ಯದಲ್ಲಿ ಮೊಳಕೆ ಕಟ್ಟಿ ರಾಗಿಸರಿ ಮಾಡಿಟ್ಟಿದ್ದರು. ಎರಡು ಕಿಲೋ. ಆ್ಯಪಿನಲ್ಲಿ ಹಾಕಿದಳು. ಹೊಸಬಳು, ಪಾಯಿಂಟಿಲ್ಲ, ನಕ್ಷತ್ರವಿಲ್ಲ. ಅವಳ ಪೊಟ್ಟಣ ಸಾಲಿನ ತುದಿಯಲ್ಲಿ ನಿಂತಿತು. ಮೂವರು ಹೋಗಿ ಬಂದರು. ಅದು ನಿಂತಲ್ಲೇ ಇತ್ತು.

ಲಿಫ್ಟಿನಲ್ಲಿ ಅಳುವ ಕೂಸನ್ನು ಎತ್ತಿಕೊಂಡು ನಿಂತಿದ್ದ ಶೈಲಜಾಳಿಂದ ಕೋಕಿಲಾಗೆ ವಿಷಯ ತಿಳಿಯಿತು. ಅವಳು ಅಲ್ಲಿಂದಲೇ, ಮೂರನೇ ಸಲ ಊರಿಗೆ ಹೋಗಿದ್ದ ಅಶೋಕನಿಗೆ ಫೋನು ಹಚ್ಚಿದಳು.

"ಅಶೋಕ, ಬರೋವಾಗ ಶೈಲಜಾ ಅವ್ರ ರಾಗಿಸರಿ ತಗೊಂಡ್ ಬಾರೋ. ಅವ್ರ ಅಣ್ಣ ಬೆಂಗ್ಳೂರಿಗೇ ತಂದ್ಕೊಡ್ತಾರೆ."

"ಅಕ್ಕ, ನಂದು ಫುಲ್ ಆಗಿದೆ. ಅವ್ರ ರಿಕ್ವೆಸ್ಟು ಕ್ಯೂನಲ್ಲಿದೆ. ಸಿಸ್ಟಂ ಅಲೋ ಮಾಡಲ್ಲ."

"ಸಿಸ್ಟಂ ಏನೋ? ನಿನ್ನ ಪೆಟ್ಟಿಗೆ ಕಣೋ ಅದು."

"ಹಾಗಲ್ಲಕ್ಕ, ಮಧ್ಯದಲ್ಲಿ ಒಂದನ್ನ ತೂರಿಸಿದ್ರೆ ರೇಟಿಂಗ್ ಬೀಳತ್ತೆ. ನಾನೇನು ಮಾಡ್ಲಿ ಹೇಳಿ." ಅವನ ದನಿಯಲ್ಲಿ ನಿಜವಾದ ದುಃಖವೇ ಇತ್ತು. ಅದೇ ಕೋಕಿಲಾಳನ್ನು ಕೆಣಕಿದ್ದು. ಒಲ್ಲೆ ಎಂದಿದ್ದರೆ ಬೈಯಬಹುದಿತ್ತು. ಈಗ ಬೈಯೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅವಳು ಭೀಮಸೇನನ ಎದುರು ಕೂತಳು.

"ರೀ, ನಾನು ಸಹಿ ಹಾಕಲ್ಲ."

ಭೀಮಸೇನ ಮೊಸರನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಗೋಯಾ ಕಣೆ."

"ಗೊತ್ತು."

"ಬಿಸಿಲು ಬರೋ ಬಾಲ್ಕನಿ ಅಲ್ಲಿ ಸಿಗತ್ತೋ ಇಲ್ವೋ."

"ಗೊತ್ತು ಅಂದ್ನಲ್ಲ. ಮೇಲಿಂದ ಮೇಲೆ ಹೇಳಿ ಅಳಿಸ್ಬೇಡಿ."

"ಯೋಚನೆ ಮಾಡು. ಇನ್ನೂ ಟೈಮಿದೆ."

"ಮಾಡಿದೀನಿ. ಇಲ್ಲೇ ಇರ್ಬೇಕು ಅಂತ ಇದನ್ನೆಲ್ಲ ಒಪ್ಕೊಂಡೆ. ಈಗ ನೋಡಿ, ಮಾಲತಿ ನನಗೆ ಫೋನ್ ಮಾಡಿ ಹದಿನೈದು ದಿನ ಆಯ್ತು. ಜಗಳ ಇಲ್ಲ ರೀ, ಏನೂ ಇಲ್ಲ. ಇದೇ ಊರಲ್ಲಿ ಇದ್ಕೊಂಡು ನೋಮಿಯಲ್ಲಿದ್ದ ಹಾಗಾಗಿದೆ."

ಭೀಮಸೇನ ತಟ್ಟೆ ತೊಳೆದಿಟ್ಟು ಬಂದು, "ಜಾಹ್ನವಿಗೆ ಯಾರು ಹೇಳೋದು?" ಎಂದಷ್ಟೇ ಕೇಳಿದ. ಜಾಹ್ನವಿ ಬಾಗಿಲ ಹಿಂದಿನಿಂದಲೇ, "ಮಾತಾ?" ಎಂದಳು. ಜಪಾನೀ ಭಾಷೆಯಲ್ಲಿ ಮತ್ತೆಯಾ, ಎಂದು. ಆಮೇಲೆ ಎರಡು ದಿನ ಅಪ್ಪ ಅಮ್ಮ ಇಬ್ಬರ ಜೊತೆಗೂ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಮಾರ್ಚಿನಲ್ಲಿ ಒಪ್ಪಂದದ ದಿನ ಬ್ಯಾಂಕಿನ ಶಾಖೆಯ ಮಹಡಿಯ ಮೇಲೆ ಉದ್ದನೆಯ ಮೇಜು ಹಾಕಿದ್ದರು. ಇಗರಾಶಿ-ಸಾನ್ ಒಂದು ಕಡೆ, ಕುರೊಕಾವಾ-ಸಾನ್ ಇನ್ನೊಂದು ಕಡೆ. ಅಂಕಿಅಂಶಗಳು ಅದ್ಭುತವಾಗಿದ್ದವು. ಕುರೊಕಾವಾ-ಸಾನ್ ಭೂಕಂಪದ ನಡಿಗೆಯನ್ನು ಅಂದು ಮುಕ್ಕಾಲು ದಾರಿಗೇ ನಿಲ್ಲಿಸಿ, ಕಣ್ಣೊರೆಸಿಕೊಂಡು, ಪೆನ್ನನ್ನು ಎರಡೂ ಕೈಯಿಂದ ಕೋಕಿಲಾಗೆ ನೀಡಿದರು.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. "ತುಂಬಾ ಸುಮಿಮಾಸೆನ್. ನಾನು ಹಾಕುವುದಿಲ್ಲ."

ಕೋಣೆ ಸ್ತಬ್ಧವಾಯಿತು. ಈ ಸಲದ ಸ್ತಬ್ಧತೆಗೆ ಮುಂದಿನ ಸ್ಲೈಡು ಇರಲಿಲ್ಲ.

"ಏನಾದರೂ ತೊಂದರೆಯಾಯಿತೇ? ಸರಿಪಡಿಸುತ್ತೇವೆ," ಎಂದರು ಕುರೊಕಾವಾ-ಸಾನ್.

"ನಿಮ್ಮ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಅದೇ," ಎಂದಳು ಕೋಕಿಲಾ. ಆಮೇಲೆ ಜಪಾನೀ ಭಾಷೆ ಸಾಲದೆ ಕನ್ನಡಕ್ಕೆ ಹೊರಳಿದಳು. "ರೀ, ಅವ್ರಿಗೆ ಹೇಳಿ. ಒಬ್ಬ ಹುಡುಗ ಸುಮ್ಸುಮ್ನೆ ಎರಡು ಸಲ ವಿಮಾನ ಹತ್ತಿದ, ಮರ ಬೆಳೆಸೋಕೆ. ಒಂದು ಕೂಸಿನ ರಾಗಿ ಬರ್ಲಿಲ್ಲ, ಅದಕ್ಕೆ ನಕ್ಷತ್ರ ಇಲ್ಲ ಅಂತ. ಮೊದ್ಲು ನಮ್ಮಲ್ಲಿ ಯಾರಾದ್ರೂ ಆಗಲ್ಲ ಅಂದ್ರೆ ಅವ್ರಿಗೆ ನಾಚಿಕೆ ಆಗ್ತಿತ್ತು. ಈಗ ಯಾರಿಗೂ ಆಗಲ್ಲ. ನಾಚಿಕೆನೆಲ್ಲ ಫೋನಿಗೆ ಕೊಟ್ಟಾಗಿದೆ. ಒಂದಕ್ಷರ ಬಿಡ್ಬೇಡಿ, ಹಾಗೇ ಹೇಳಿ."

ಭೀಮಸೇನ ಎದ್ದು ನಿಂತು ಒಂದಕ್ಷರ ಬಿಡದೆ ಹೇಳಿದ. ಈ ಬಾರಿ ಅವನ ಮಾತನ್ನು ಎಲ್ಲರೂ ಕೇಳಿಸಿಕೊಂಡರು.

ಕುರೊಕಾವಾ-ಸಾನ್ ಬಹಳ ಹೊತ್ತು ಬಾಗಿಯೇ ಇದ್ದರು. ಇಗರಾಶಿ-ಸಾನ್ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಪಕ್ಕಕ್ಕಿಟ್ಟರು. "ನಮ್ಮ ಆ ನಾಲ್ಕು ಮನೆಯವರೂ ಮೊದಮೊದಲು ವಿಪರೀತ ಜಗಳವಾಡುತ್ತಿದ್ದರಂತೆ," ಎಂದರು. "ಈಗ ನಮ್ಮಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ಯಂತ್ರದಿಂದ ದುಡ್ಡು ತೆಗೆದುಕೊಂಡು ಹೋಗುತ್ತಾರೆ." ಅದನ್ನು ಅವರು ಹೆಮ್ಮೆಯಿಂದ ಹೇಳಿದಂತೆ ಕೇಳಿಸಲಿಲ್ಲ. ಆದರೆ ಅವರು ಬ್ಯಾಂಕಿನವರು, ಸಹಿಯಿಲ್ಲದೆ ಒಪ್ಪಂದವಿಲ್ಲ. ಪ್ರಯೋಗ ಅಂದಿಗೆ ಮುಗಿಯಿತು. ಸಂಜೆಗೆ ಚಂದ್ರಮೋಹನ್ ನಗೋಯಾದ ಮನೆಗಳ ಫೋಟೋ ಕಳಿಸಿದ. ಎಲ್ಲವೂ ಉತ್ತರಕ್ಕೆ ಮುಖ ಮಾಡಿದ್ದವು.

ಊರು ಬಿಡುವ ಹಿಂದಿನ ಭಾನುವಾರ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಜಪಾನಿನಲ್ಲಿ ದೊಡ್ಡ ಸಾಮಾನನ್ನು ಎಸೆಯುವುದಕ್ಕೂ ದುಡ್ಡು ಕಟ್ಟಬೇಕು. ಹಾಗಾಗಿ ಹೋಗುವವರ ಮನೆಗೆ ಇರುವವರು ಬಂದು, ಬೇಕಾದ್ದನ್ನು ಎತ್ತಿಕೊಂಡು ಹೋಗುವುದು ವಾಡಿಕೆ. ಮಾಲತಿ ಬಂದಳು. ಐದು ನಿಮಿಷಕ್ಕೆ ಸಂಜನಾ ಬಂದಳು. ಇಬ್ಬರ ಕಣ್ಣೂ ಅಕ್ಕಿ ರುಬ್ಬುವ ಗ್ರೈಂಡರಿನ ಮೇಲೆ ಬಿತ್ತು.

"ಇದು ನಂಗೆ ಅಂತ ಕೋಕಿಲಾ ಆಗ್ಲೇ ಹೇಳಿದಾಳೆ," ಎಂದಳು ಮಾಲತಿ.

"ಯಾವಾಗ ಹೇಳಿದ್ರು? ನಿಮ್ಮನೇಲಿ ಆಗ್ಲೇ ಒಂದು ಇದ್ಯಲ್ಲ."

"ಅದರ ಕಲ್ಲು ಸವೆದಿದೆ."

"ಎರಡು ಸ್ಟಾರ್ ಕೊಟ್ಟು ಬಿಸಾಕಿ ಅದನ್ನ."

"ಏನಂದೆ?"

"ಕೇಳಿಸ್ಲಿಲ್ವಾ? ಚಟ್ನಿಪುಡಿ ಡಬ್ಬಿ ಮುಚ್ಚಳ ನಿಮ್ಮತ್ತೆ ಸರಿಯಾಗಿ ಹಾಕಿರ್ಲಿಲ್ಲ. ನಾನು ಹೊತ್ಕೊಂಡು ಬಂದು ಎರಡು ಸ್ಟಾರ್ ತಗೋಬೇಕಾ?"

"ನಮ್ಮತ್ತೆ ಸುದ್ದಿಗೆ ಬರ್ಬೇಡ. ಅವ್ರನ್ನ ಬೈಯೋಕೆ ನಾನಿದೀನಿ."

ಅಡುಗೆಮನೆಯಲ್ಲಿ ಕೊನೆಯ ಉಪ್ಪಿಟ್ಟು ಮಾಡುತ್ತಿದ್ದ ಕೋಕಿಲಾ ಒಲೆಯ ಉರಿ ಸಣ್ಣ ಮಾಡಿದಳು. ಉಪ್ಪಿಟ್ಟು ಬೇಗ ಆಗಿಬಿಟ್ಟರೆ ಊಟಕ್ಕೆ ಕರೆಯಬೇಕಾಗುತ್ತದೆ, ಕರೆದರೆ ಇವರು ನಿಲ್ಲಿಸುತ್ತಾರೆ. ಭೀಮಸೇನ ಒಳಗೆ ಬಂದು, "ಬಿಡಿಸ್ಲಾ?" ಎಂದು ಪಿಸುಗುಟ್ಟಿದ. ಅವಳು ಸೌಟಿನಿಂದಲೇ ಬೇಡವೆಂದಳು.

ಬಾಗಿಲಲ್ಲಿ ಮೂರನೇ ಮಹಡಿಯ ರಮಾಕಾಂತ ಕಾಣಿಸಿಕೊಂಡ. ತಂಗಿಯ ಮದುವೆಗೆ ಊರಿಗೆ ಹೊರಟವನು. ಒಳಗಿನ ಗಲಾಟೆಯನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಯಾರನ್ನು ನೋಡಿ ಹೇಳಬೇಕೆಂದು ತಿಳಿಯದೆ, ರಟ್ಟಿನ ಪೆಟ್ಟಿಗೆಯೊಂದನ್ನು ನೋಡುತ್ತಾ ಹೇಳಿದ.

"ಬರೋವಾಗ ನನ್ನ ಹತ್ರ ಏಳು ಕಿಲೋ ಖಾಲಿ ಇರತ್ತೆ."

ಮರುಕ್ಷಣ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು, ಗ್ರೈಂಡರಿನ ಮೇಲಿನ ಕೈ ತೆಗೆಯದೆಯೇ.

"ಮೊದ್ಲು ಎರಡು ಕಿಲೋ ಶೈಲಜಾ ಕೂಸಿಂದು," ಎಂದು ಕೋಕಿಲಾ ಅಡುಗೆಮನೆಯಿಂದ ಕೂಗಿದಳು. "ಎರಡು ನಂದು. ನಗೋಯಾಗೆ ಕೊರಿಯರ್ ಮಾಡ್ಬಿಡು ರಮಾಕಾಂತ. ಮಿಕ್ಕಿದ್ದು ಇವರಿಬ್ರಿಗೆ, ಕಿತ್ತಾಡ್ಕೊಳ್ಳಲಿ."

"ಅದೆಂಗೆ ನಿಂಗೆ ಎರಡು?" ಎಂದಳು ಮಾಲತಿ. "ಊರು ಬಿಟ್ಟು ಹೋಗೋಳಿಗೆ?"

ಸಂಜನಾ ಈ ವಿಷಯದಲ್ಲಿ ಪೂರ್ತಿ ಮಾಲತಿಯ ಪರವಾಗಿದ್ದಳು.